ಒಳಗೆ ಬಂದ ಗೆರೆ

ಫುಟ್‌ಬಾಲ್ ಮೈದಾನದ ಸಾಮಾನು ಕೋಣೆ,
ಗುರುವಾರ ಮಧ್ಯಾಹ್ನ

ನನ್ನ ಮಿಡತೆಗೆ,

ಚೆನ್ನಾಗಿರು. ಮೊನ್ನೆ ಫೋನಿನಲ್ಲಿ ನಿನ್ನ ಮೇಲೆ ಕೂಗಾಡಿ ಇಟ್ಟುಬಿಟ್ಟೆ. ಈಗ ಮಾಡಿದರೂ ಅದೇ ಕಥೆಯಾಗುತ್ತದೆ, ಅದಕ್ಕೇ ಈ ಕಾಗದ. ನಿಮ್ಮ ಕಡೆಗೆ ಹೋಗುವ ಲಾಂಡ್ರಿ ವ್ಯಾನಿನವನ ಕೈಗೆ ಕೊಡುತ್ತೇನೆ. ನಾಳೆ ಸಿಗುತ್ತದೆ. ಭಾನುವಾರ ಇಲ್ಲಿಗೆ ಆಡಲು ಬರುವ ಮುಂಚೆ ಪೂರ್ತಿ ಓದು. ಅರ್ಧ ಓದಿ ಮುಖ ಊದಿಸಿಕೊಂಡು ಕೂರಬೇಡ.

ಗೆರೆ ಇದ್ದಲ್ಲೇ ಬಿಡು ಎಂದು ನೀನು ಕೇಳಿದ್ದಕ್ಕೆ ಉತ್ತರ: ಆಗುವುದಿಲ್ಲ. ಮೈದಾನದ ಎರಡು ಉದ್ದ ಗೆರೆಗಳನ್ನೂ ಎರಡೆರಡು ಗಜ ಒಳಗೆ ಹಾಕಲು ನಮ್ಮ ಕೋಚು ಹೇಳಿದ್ದಾನೆ, ಹಾಕುತ್ತೇನೆ. ನಿಮ್ಮದು ಅಂಚಿನಲ್ಲಿ ಓಡಿ ಆಡುವ ತಂಡ. ಅಂಗಳ ಕಿರಿದಾದರೆ ನಿಮಗೆ ಉಸಿರು ಕಟ್ಟುತ್ತದೆ ಎಂಬುದು ಅವನ ಲೆಕ್ಕ. ನಿಯಮ ಒಪ್ಪುವಷ್ಟೇ ಒಳಗೆ ಬರುತ್ತಿದ್ದೇವೆ, ಕಳ್ಳತನವೇನಲ್ಲ. ಈ ಕೆಳಗಿನ ಡಿವಿಜನ್‌ನಲ್ಲಿ ಎಲ್ಲರೂ ಮಾಡುವುದೇ. ಹೋದ ವರ್ಷ ನಿಮ್ಮವರೂ ಮಾಡಿದ್ದರು, ಆಗ ನಿನಗೆ ನ್ಯಾಯ ಅನ್ಯಾಯ ನೆನಪಾಗಲಿಲ್ಲ.

ನಿಮ್ಮಮ್ಮನೂ ಫೋನು ಮಾಡಿದ್ದಳು. "ಅಕ್ಕಾ, ಅವನು ಆಡೋ ಕಡೆ ಗೆರೇನ ಇದ್ದಲ್ಲೇ ಬಿಟ್ರೆ ನಿನ್ನ ಗಂಟೇನು ಹೋಗುತ್ತೆ? ಸುಣ್ಣ ಹಾಕೋಳು ನೀನೇ, ಯಾರಿಗೆ ಗೊತ್ತಾಗುತ್ತೆ?" ಎಂದು ಅತ್ತಳು. ನಿಮ್ಮ ದೊಡ್ಡಪ್ಪ ಹೋದ ಮೇಲೆ ಇಷ್ಟು ವರ್ಷ ಈ ಮೈದಾನದ ಹುಲ್ಲು ನೋಡಿಕೊಂಡೇ ಅನ್ನ ತಿಂದಿದ್ದೇನೆ. ನನಗೆ ಸೊಟ್ಟ ಗೆರೆ ಹಾಕು ಅನ್ನುತ್ತಾಳೆ, ಒಡಹುಟ್ಟಿದವಳು! "ನಿನ್ನ ಮಗ ಕೂಸಲ್ಲ ಕಣೇ, ಮೂವತ್ತಮೂರಾಯ್ತು, ಫೋನಿಡು" ಅಂದೆ. ಆಮೇಲೆ ನನಗೂ ಊಟ ಸೇರಲಿಲ್ಲ.

ಈ ಮ್ಯಾಚು ನೋಡಿಯೇ ನಿನ್ನನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಬೇಕೋ ಬೇಡವೋ ಎಂದು ನಿಮ್ಮ ಕೋಚು ತೀರ್ಮಾನ ಮಾಡುತ್ತಾನಂತೆ. ಇವರು ಬಿಟ್ಟರೆ ಬೇರೆ ಯಾವ ಕ್ಲಬ್ಬೂ ಕರೆಯುವುದಿಲ್ಲ. ಅದು ನನಗೂ ತಿಳಿಯುತ್ತದೆ ಕಣೋ. ಈ ವಿಷಯ ಹೆಂಡತಿಗೆ ಹೇಳಿಲ್ಲ ಅಂದೆಯಲ್ಲ, ಅದು ತಪ್ಪು. ಇವತ್ತೇ ಹೇಳು. ಅವಳು ನಿನ್ನ ಬೂಟು ನೋಡಿ ಮದುವೆಯಾದವಳಲ್ಲ.

ಈಗ ಫೋನಿನಲ್ಲಿ ಹೇಳಲಾಗದ್ದು. ಹೋದ ಸಲ ಇಲ್ಲಿ ಆಡಿದೆಯಲ್ಲ, ನಾನು ಮೂಲೆ ಬಾವುಟದ ಹತ್ತಿರ ಕಿತ್ತ ಹುಲ್ಲು ಕೂರಿಸಲು ಕಾದು ಕೂತಿದ್ದೆ. ನೀನು ಕೈಗೆಟಕುವಷ್ಟು ಹತ್ತಿರದಲ್ಲಿದ್ದೆ. ಆಗ ಅಂಗಳ ಬೇಕಾದಷ್ಟು ಅಗಲವಾಗಿಯೇ ಇತ್ತು. ಚೆಂಡು ಬಂತು. ಮುಂದೆ ಹುಲ್ಲೆಲ್ಲ ಖಾಲಿ, ನಿನ್ನನ್ನು ತಡೆಯಲು ನಿಂತ ನಮ್ಮ ಬ್ಯಾಕು ಸರಿಯಾಗಿ ತಿರುಗಿಯೂ ಇರಲಿಲ್ಲ. ಅವನ ಹೊರಗಡೆಯಿಂದ, ಗೆರೆಯ ಪಕ್ಕದಲ್ಲೇ ಹಾರಿ ಹೋಗುತ್ತೀಯ ಅಂದುಕೊಂಡೆ. ನೀನು ಒಳಕ್ಕೆ ತಿರುಗಿ ಚೆಂಡನ್ನು ಹಿಂದಕ್ಕೆ ಕೊಟ್ಟೆ. ಮತ್ತೆ ಬಂತು, ಮತ್ತೆ ಹಿಂದಕ್ಕೆ. ಮೆಟ್ಟಿಲ ಮೇಲಿನ ನಮ್ಮ ಪುಂಡರು, "ಏ ರಿವರ್ಸ್ ಗೇರು, ಹಾರ್ನ್ ಹೊಡಿಯೋ!" ಎಂದು ನಗಾಡಿದರು. ಬಾಯಿ ಮುಚ್ಚಿ ಎಂದು ನಾನು ಅವರ ಮೇಲೆ ಹರಿಹಾಯ್ದೆ. ಮನಸ್ಸಿನಲ್ಲಿ ಮಾತ್ರ, ಅವರು ಹೇಳಿದ್ದು ಸುಳ್ಳಲ್ಲವಲ್ಲ ಅನ್ನಿಸಿತು.

ಮಂಡಿ ಆಪರೇಷನ್ ಆದ ಮೇಲೆ ನೀನು ಒಬ್ಬ ಬ್ಯಾಕನ್ನೂ ಹೊರಗಡೆಯಿಂದ ದಾಟಿದ್ದನ್ನು ನಾನು ನೋಡಿಲ್ಲ. ಮಂಡಿ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ನಿನಗಿರುವುದು ಭಯ. ಭಯ ಪಡಬೇಡ ಅನ್ನುವುದಕ್ಕೆ ನಾನು ಯಾರು? ನೆಲ ಒತ್ತುವ ರೋಲರು ಪಾದದ ಮೇಲೆ ಹತ್ತಿದ ಮೇಲೆ ಎಷ್ಟೋ ದಿನ ನಾನು ಅದರ ಹತ್ತಿರ ಹೋಗಲಿಲ್ಲ. ಹಿಡಿ ತುಕ್ಕು ಹಿಡಿದಿದೆ, ಎಣ್ಣೆ ಇಲ್ಲ, ಬಿಸಿಲು ಜಾಸ್ತಿ ಎಂದು ನೆಪ ಹೇಳಿ ಬೇರೆಯವರ ಕೈಯಲ್ಲಿ ಎಳೆಸಿದೆ. ನೀನು ಗೆರೆ ಅಂದೆ, ನಾನು ಎಣ್ಣೆ ಅಂದಿದ್ದೆ. ಆ ಎರಡು ಗಜ ನಿನಗೆ ಬೇಕಾಗಿರುವುದು ಓಡುವುದಕ್ಕಲ್ಲ ಮಗಾ, ಬ್ಯಾಕಿನಿಂದ ದೂರ ನಿಲ್ಲುವುದಕ್ಕೆ.

ಆಟ ಬಿಡುವುದಾದರೆ ಬಿಡು. ಕಾಲಿಗೆ ವಯಸ್ಸಾಯಿತು ಎಂದು ಬಿಟ್ಟರೆ ಯಾರೂ ನಗುವುದಿಲ್ಲ, ನಕ್ಕರೆ ಹೇಳು, ಅವರ ಹಲ್ಲು ನಾನು ನೋಡಿಕೊಳ್ಳುತ್ತೇನೆ. ಆದರೆ ದೊಡ್ಡಮ್ಮ ಗೆರೆ ಒಳಗೆ ಹಾಕಿದಳು, ಅದಕ್ಕೇ ನನ್ನ ಆಟ ಮುಗಿಯಿತು ಎಂದು ನಾಳೆ ಮಕ್ಕಳಿಗೆ ಹೇಳಿದರೆ ನಾನು ಒಪ್ಪುವವಳಲ್ಲ. ಒಂದು ಸಲ, ಒಂದೇ ಒಂದು ಸಲ ಹೊರಗಡೆಯಿಂದ ಹೋಗು. ಬಿದ್ದರೆ ಬೀಳು. ನೆಲ ಮೆತ್ತಗಿದೆ, ನಿನ್ನೆ ನೀರು ಬಿಟ್ಟಿದ್ದೇನೆ. ಎರಡೂ ಕಡೆ ಬಿಟ್ಟಿದ್ದೇನೆ, ನಿನಗೋಸ್ಕರ ಅಂತ ಉಬ್ಬಬೇಡ.

ಮ್ಯಾಚು ಮುಗಿದ ಮೇಲೆ ಸ್ನಾನ ಮಾಡಿ ಕೋಣೆಗೆ ಬಾ. ಸೋತು ಬಂದರೂ ಸರಿ, ಗೆದ್ದು ಬಂದರೂ ಸರಿ, ಆವತ್ತು ಬೈಯುವುದಿಲ್ಲ.

ಕೋಪ ಬಂದಾಗಲೂ ನಿನ್ನವಳೇ ಆದ
ದೊಡ್ಡಮ್ಮ

ಬರೆಯಲೋ ಬೇಡವೋ ಎಂದು ಮಡಚಿದ ಕಾಗದ ಮತ್ತೆ ಬಿಡಿಸಿದ್ದೇನೆ: ನಿನ್ನೆ ನಮ್ಮ ಕೋಚು, "ಅಮ್ಮಾ, ನಿಮ್ಮ ಹುಡುಗನ್ನ ತಡೆಯೋದು ಹೇಗೆ?" ಎಂದು ಕೇಳಿದ. ನನ್ನ ನಾಲಿಗೆ ನಿನಗೆ ಗೊತ್ತಲ್ಲ. "ಒಳಗಡೆ ಕಾಯಿರಿ ಸಾಕು, ಹೊರಗಡೆಯಿಂದ ಅವನು ಈಗ ಹೋಗೋದೇ ಇಲ್ಲ" ಅಂದುಬಿಟ್ಟೆ. ಇವತ್ತು ಬೆಳಿಗ್ಗೆಯಿಂದ ನಮ್ಮ ಬ್ಯಾಕಿಗೆ ಅದನ್ನೇ ಅಭ್ಯಾಸ ಮಾಡಿಸುತ್ತಿದ್ದಾನೆ. ಆ ಬ್ಯಾಕು ಒಳಗಡೆಯೇ ನಿಲ್ಲುತ್ತಾನೆ, ಹೊರಗಡೆ ಗೆರೆಯವರೆಗೂ ಖಾಲಿ. ಕೋಚು ಕೇಳಿದ್ದಕ್ಕೆ ಇದ್ದದ್ದು ಹೇಳಿದೆ. ನೀನು ಕೇಳಲಿಲ್ಲ, ನಿನಗೂ ಹೇಳಿದೆ. ಇದು ತಿಳಿದರೆ ನನ್ನ ಕೆಲಸ ಹೋಗುತ್ತದೆ, ಓದಿ ಹರಿದುಹಾಕು. ಭಾನುವಾರ ಎಲ್ಲರ ಎದುರಿಗೂ ನನ್ನ ಮಾತನ್ನು ಸುಳ್ಳು ಮಾಡಿಬಿಡು.