ಗಡ್ಡೆಗೆ ಮಾತ್ರ ಜ್ವರ

ಬರ್ಲಿನ್,
ಮೇ ೧೪

ಪ್ರೀತಿಯ ವೀಬ್ಕೆ ಅತ್ತಿಗೆ,

ನೀವು ಕಳಿಸಿದ ಚಹಾ, ಕಲ್ಲುಸಕ್ಕರೆ ಎರಡೂ ಮುಗಿಯುತ್ತ ಬಂದವು. ಆದರೂ ನಿಮಗೊಂದು ಸಾಲು ಬರೆದಿರಲಿಲ್ಲ. ಮೂರು ವಾರ ತಡ, ಬೈದುಬಿಡಿ. ಬೈದ ಮೇಲೆ ಒಳ್ಳೆಯ ಸುದ್ದಿ ಓದಿ: ನಿನ್ನೆ ಆರನೆಯ, ಅಂದರೆ ಕೊನೆಯ ಶಾಖವೂ ಆಯಿತು. ರಾತ್ರಿ ಊಟಕ್ಕೆ ನಿಮ್ಮ ತಮ್ಮ ಹೆನ್ನಿಂಗ್ ನನ್ನ ತಟ್ಟೆಯ ಆಸ್ಪರಾಗಸ್ ದಂಟನ್ನೂ ಕದ್ದು ತಿಂದ.

ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಸರಿಯಾಗಿ ಹೇಳುತ್ತೇನೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ನೀರಿನಲ್ಲಿ ಬೆರೆಸಿ ಅವನ ಮಿದುಳಿನ ಗಡ್ಡೆಯೊಳಗೆ ಬಿಟ್ಟಿದ್ದಾರೆ. ಹೊರಗಿನ ಯಂತ್ರದ ಕಾಂತಶಕ್ತಿ ಸೆಕೆಂಡಿಗೆ ಲಕ್ಷ ಸಲ ದಿಕ್ಕು ಬದಲಿಸಿದಾಗ ಅವು ಕಾಯುತ್ತವೆ. ಮೈಗೆಲ್ಲ ಅಲ್ಲ, ಗಡ್ಡೆಗೆ ಮಾತ್ರ ಜ್ವರ.

ತಲೆಯ ಹತ್ತಿರ ಬೇರೆ ಲೋಹವಿದ್ದರೆ ಅದೂ ಕಾಯುತ್ತದಂತೆ. ಹಾಗಾಗಿ ಮೊದಲೇ ನಾಲ್ಕು ಹಲ್ಲುಗಳಲ್ಲಿ ತುಂಬಿಸಿದ್ದನ್ನು ಕೆರೆದು, ಒಂದರ ಚಿನ್ನದ ಟೊಪ್ಪಿಗೆಯನ್ನೂ ಕಿತ್ತರು. ಹೆನ್ನಿಂಗ್ ಕನ್ನಡಿಯಲ್ಲಿ ಬಾಯಿ ತೆರೆದು ನೋಡಿಕೊಂಡು, “ಮೂವತ್ತು ವರ್ಷ ಎಷ್ಟು ಟಿಕ್‌ಟಿಕ್‌ಗಳನ್ನ ಬಿಚ್ಚಿದೀನಿ! ಅವೆಲ್ಲ ಸೇರಿ ಈಗ ನನ್ನನ್ನ ಬಿಚ್ಚಿಸ್ತಿವೆ,” ಅಂದ. ಗಡಿಯಾರ ರಿಪೇರಿಯವನ ಬಾಯಿಂದ ‘ಗಡಿಯಾರ’ವೇ ಹೋಗಿತ್ತಲ್ಲ, ಅತ್ತಿಗೆ. ಬ್ರೆಡ್ಡು ‘ಕಿಟಕಿ’ಯಾಗಿತ್ತು, ಕಿಟಕಿ, ‘ಅದು, ಆ ಬೆಳಕಿನದು’. ಸಾವಿಗಿಂತ ಇದಕ್ಕೇ ಅವನು ಹೆಚ್ಚು ಹೆದರಿದ್ದ: ಒಂದು ದಿನ ಎಲ್ಲವೂ ಬರೀ ‘ಅದು’ ಆಗಿಬಿಟ್ಟರೆ?

ನಾಲ್ಕನೆಯ ಶಾಖದ ದಿನ ಡಾಕ್ಟರ್ ರೇಬೈನ್ ಪರದೆಯ ಮೇಲಿನ ಉಷ್ಣತೆ ನೋಡುತ್ತ, ಹಸು ಕರೆಯುವವರಂತೆ, “ನಲವತ್ತೆರಡೂವರೆ... ಬಾ ತಾಯಿ, ಬಾ... ನಲವತ್ಮೂರು!” ಅಂದರು.

ಯಂತ್ರದ ಒಳಗಿನಿಂದ ಹೆನ್ನಿಂಗ್, “ಡಾಕ್ಟ್ರೇ, ನಾನೇನು ಕೇಕಾ? ಕಡ್ಡಿ ಚುಚ್ಚಿ ನೋಡ್ಬಿಡಿ, ಬೆಂದಿದ್ಯಾ ಅಂತ!”

“ಕೇಕು ಇಷ್ಟೊಂದು ಮಾತಾಡಲ್ಲ ಕಣ್ರೀ. ಸುಮ್ನೆ ಮಲಗಿ.”

ಆಮೇಲೆ ಡಾಕ್ಟರೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೇಕ್! ಎರಡು ತಿಂಗಳಿಂದ ಆ ಪದ ಅವನಲ್ಲಿ ಇರಲಿಲ್ಲ.

ಅಲ್ಲಿಂದ ಒಂದೊಂದೇ ಬರತೊಡಗಿದವು. ಚಮಚ, ಛತ್ರಿ, ಬ್ರೆಡ್ಡು. ಅವನು ಹಾಸಿಗೆಯ ಮೇಲೆ ಕೂತು ಕಂಡದ್ದನ್ನೆಲ್ಲ ಹೆಸರು ಹಿಡಿದು ಕರೆಯುವುದನ್ನು ನೀವು ನೋಡಬೇಕಿತ್ತು. ಪದಗಳನ್ನು ಇಷ್ಟು ಆಸೆಯಿಂದ ಯಾರೂ ಉಚ್ಚರಿಸಿದ್ದನ್ನು ನಾನು ಕೇಳಿಲ್ಲ, ಕವಿತೆ ಓದುವವರಲ್ಲೂ. ನಿನ್ನೆ ಹೊರಡುವಾಗ ನರ್ಸಿಗೆ ದಬಾಯಿಸಿದ: “ನಿಮ್ಮ ಗಡಿಯಾರ ನಾಲ್ಕು ನಿಮಿಷ ಹಿಂದಿದೆ. ಆಸ್ಪತ್ರೆ ನಡೆಸ್ತೀರೋ, ಛತ್ರ ನಡೆಸ್ತೀರೋ?” ಬೈಸಿಕೊಂಡು ಅಷ್ಟು ಖುಷಿಪಟ್ಟ ನರ್ಸನ್ನು ನಾನು ಕಂಡಿಲ್ಲ.

“ಪುಣ್ಯವನ್ನೆಲ್ಲ ಕಬ್ಬಿಣಕ್ಕೇ ಕೊಡಬೇಡಿ, ವಿಕಿರಣಕ್ಕೂ, ಬಾವು ಇಳಿಸೋ ಮಾತ್ರೆಗೂ ಪಾಲಿದೆ. ಮೂರು ತಿಂಗಳು ಕಾದು ನೋಡೋಣ,” ಎಂದರು ಡಾಕ್ಟರ್. ಕಾಯೋಣ. ಆದರೆ ಇವತ್ತು ನಗುತ್ತ ಕಾಯುತ್ತಿದ್ದೇನೆ.

ನಿಮ್ಮ ಮೊಣಕಾಲು ಬೇಗ ವಾಸಿಯಾಗಲಿ. ದೊಡ್ಡವರು ನೀವು, ನಿಮ್ಮ ಹಾರೈಕೆ ತಮ್ಮನ ಮೇಲಿರಲಿ.

ನಿಮ್ಮ
ಆಲ್ಮುಟ್

ತಾ.ಕ.: ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ನನ್ನ ಹೆಸರು ಮಾತ್ರ ಇನ್ನೂ ಬಂದಿಲ್ಲ. ಅವನು ನನ್ನನ್ನು ‘ವೀಬ್ಕೆ’ ಎಂದು ಕರೆಯುತ್ತಾನೆ, ತುಂಬ ಪ್ರೀತಿಯಿಂದಲೇ. ತಿದ್ದಿದರೆ ಮುಖ ಬಾಡುತ್ತದೆ. ಹಾಗಾಗಿ ‘ಓ’ ಅನ್ನುತ್ತೇನೆ. ಒಮ್ಮೆ ಬನ್ನಿ, ಅತ್ತಿಗೆ. ನೀವು ಎದುರಿಗೆ ಕೂತು ನಿಮ್ಮ ಹೆಸರನ್ನು ನೀವು ತೆಗೆದುಕೊಂಡರೆ, ನನಗೊಂದು ಬೇರೆ ಬೇಕೆಂದು ಅವನಿಗೆ ಹೊಳೆಯಬಹುದು.