ತಹಶೀಲ್ದಾರನ ಹತ್ತು ಒಣ ದಿನಗಳು

ಮಾರ್ಚ್ 10, ಸೋಮವಾರ. ಬೆಳಿಗ್ಗೆ 6.10

ಮೂರನೇ ಸಲ ಅಂಗಳಕ್ಕೆ. ಐದಕ್ಕೆ ಒಮ್ಮೆ, ಐದೂವರೆಗೆ ಒಮ್ಮೆ, ಈಗ ಒಮ್ಮೆ. ಪಪ್ಪಾಯಿ ಮರದ ಬುಡದಲ್ಲಿ ಹತ್ತು ನಿಮಿಷ ನಿಂತೆವು — ನಾನು ಲುಂಗಿಯಲ್ಲಿ, ಅವನು ಗಾಂಭೀರ್ಯದಲ್ಲಿ. ಮಣ್ಣು ಮೂಸಿದ. ಆಕಾಶ ನೋಡಿದ. ಒಂದು ಹನಿ ಉಚ್ಚೆ ಹೊಯ್ಯಲಿಲ್ಲ. ಎತ್ತಿಕೊಂಡು ಒಳಗೆ ಬಂದೆ. ಎರಡೇ ನಿಮಿಷ. ಮಮ್ಮಿಯ ಹೊಲಿಗೆ ಮೆಷಿನ್ನಿನ ಕಾಲಿಗೆ ಎಲ್ಲವನ್ನೂ ಸಮರ್ಪಿಸಿದ.

ದಾಖಲೆಗಾಗಿ: ಹೆಸರು ತಹಶೀಲ್ದಾರ. ತೂಕ ನಾಲ್ಕು ಕಿಲೋ ಇನ್ನೂರು ಗ್ರಾಂ. ಮುಂದಿನಿಂದ ಪೊಮೆರೇನಿಯನ್, ಹಿಂದಿನಿಂದ ಯಾರೋ ಗೊತ್ತಿಲ್ಲ. ಶನಿವಾರ ಕಾಪು ಬೀಚಿನಲ್ಲಿ ಯಾರೋ ಮಹನೀಯರು ನೀಲಿ ನೈಲಾನ್ ಹಗ್ಗದಲ್ಲಿ ಗಾಳಿಮರಕ್ಕೆ ಕಟ್ಟಿ ಹೋಗಿದ್ದರು. ಹಗ್ಗ ಕುತ್ತಿಗೆಯ ಚರ್ಮದೊಳಗೆ ಇಳಿದಿತ್ತು. ಕತ್ತರಿಸಿ ಬಿಡಿಸಿದವಳು ಮೆಹರುನ್ನಿಸಾ. ನನ್ನ ಕ್ಲಾಸ್‌ಮೇಟ್, ಉಡುಪಿಯಿಂದ ಕಾಪುವರೆಗೆ ಯಾವ ನಾಯಿಗೆ ಏನೇ ಆದರೂ ಫೋನ್ ಹೋಗುವುದು ಅವಳಿಗೆ. ಅವಳ ಮನೆಯೊಳಗೆ ನಾಯಿ ತರುವ ಹಾಗಿಲ್ಲ. ಹಾಗಾಗಿ ಪರ್ಕಳ, ನಮ್ಮ ಮನೆ.

ಹೆಸರಿನ ಕಾರಣ: ಬಂದವನೇ ಇಡೀ ಮನೆಯ ಸರ್ವೆ ಮಾಡಿದ. ಮೂಲೆ ಮೂಲೆಗೂ ಸೀಲ್ ಹಾಕಿದ.

ಮಮ್ಮಿ ಆ ಹೆಸರು ಕರೆಯುವುದಿಲ್ಲ. "ಆ ಪ್ರಾಣಿ" ಅನ್ನುತ್ತಾರೆ. ಶ್ರೀಮತಿ ಜೋಸ್ಲಿನ್ ಅವರ ಘನ ಸರ್ಕಾರದಲ್ಲಿ ನನಗೆ ಬಹುಮತ ಇಲ್ಲ. ಇದ್ದದ್ದೇ ಇಬ್ಬರು. ಪಪ್ಪಾ ಮಸ್ಕತ್‌ನಿಂದ ವಿಡಿಯೋ ಕಾಲ್‌ನಲ್ಲಿ ಎರಡೂ ಕಡೆಗೆ ತಲೆಯಾಡಿಸುತ್ತಾರೆ.

ಮಾರ್ಚ್ 12, ಬುಧವಾರ

ತೀವ್ರ ಅನ್ಯಾಯ. ಬರೆದಿಡುತ್ತೇನೆ.

ಮೆಹರು ಹೇಳಿದ ಪದ್ಧತಿ ಸುಲಭ. ಎದ್ದ ಕೂಡಲೇ ಹೊರಗೆ, ಉಂಡ ಕೂಡಲೇ ಹೊರಗೆ, ಆಡಿದ ಕೂಡಲೇ ಹೊರಗೆ. ಅದೇ ಜಾಗ. ಮಾಡಿದ ಆ ಕ್ಷಣ ಶಬ್ಬಾಸ್, ಆ ಕ್ಷಣವೇ ಬಾಯಿಗೆ ಒಂದು ತುಂಡು ಬೇಯಿಸಿದ ಕೋಳಿ. ಒಳಗೆ ಮಾಡಿದರೆ ಬೈಯಬಾರದು, ಮೂಗು ಉಜ್ಜಬಾರದು, ಸುಮ್ಮನೆ ಒರೆಸಬೇಕು.

ಕೋಳಿ! ಈ ತಿಂಗಳು! ನಮ್ಮದು ತಪಸ್ಸುಕಾಲ. ಈಸ್ಟರ್‌ವರೆಗೆ ಮನೆಯಲ್ಲಿ ಮಾಂಸ ಬೇಯುವ ಹಾಗಿಲ್ಲ.

"ನಾಯಿಗೂ ಇಲ್ಲವಾ?" ಕೇಳಿದೆ.

"ಪಾತ್ರೆ ಮನೆಯದ್ದಲ್ವಾ?" ಎಂದರು ಮಮ್ಮಿ.

ಬೇಯಿಸಿದ ಕಡಲೆ ಕೊಟ್ಟೆ. ತಹಶೀಲ್ದಾರ ಬಾಯಿಗೆ ಹಾಕಿಕೊಂಡ, ನನ್ನನ್ನು ನೋಡಿದ, ನನ್ನ ಪಾದದ ಮೇಲೆ ಉಗಿದ. ಲಂಚದ ಮಟ್ಟ ಸಾಲದು ಅಂತ.

ಸಂಜೆ ಮೆಹರು ಸ್ಟೀಲ್ ಡಬ್ಬಿಯಲ್ಲಿ ಕೋಳಿಯ ಲಿವರ್ ತಂದಳು, ಅವಳ ಮನೆಯಲ್ಲಿ ಬೇಯಿಸಿದ್ದು. ಅವಳಿಗೆ ರಂಜಾನ್ ಉಪವಾಸ. ನನಗೆ ತಪಸ್ಸುಕಾಲ. ಇಬ್ಬರೂ ಬಾಯಲ್ಲಿ ನೀರೂರಿಸಿಕೊಂಡು ಪಪ್ಪಾಯಿ ಮರದ ಕೆಳಗೆ ನಿಂತೆವು. ತಿಂದವನು ಒಬ್ಬನೇ.

"ಇವನು ಯಾವ ಧರ್ಮ ಮಾರಾಯ?" ಎಂದಳು.

"ರೆವಿನ್ಯೂ ಇಲಾಖೆ."

ಮಾರ್ಚ್ 14, ಶುಕ್ರವಾರ

ಜಯ! ಸ್ವಂತ ಸಂಶೋಧನೆ!

ಐದು ಗಂಟೆಗೆ ಏಳುವುದು ನನ್ನ ಕುಲಕ್ಕೆ ಆಗಿಬರುವುದಿಲ್ಲ. ಯೂಟ್ಯೂಬ್‌ನಲ್ಲಿ ಒಬ್ಬ ನ್ಯೂಸ್‌ಪೇಪರ್ ಹಾಸುತ್ತಾನೆ. ನಾನೂ ಹಾಸಿದೆ, ಬಚ್ಚಲಿನ ಹತ್ತಿರ. ಅಲ್ಲೇ ಮಾಡಿದ! ಲಿವರ್! ಮತ್ತೆ ಅಲ್ಲೇ! ಲಿವರ್! ಒಂದೇ ದಿನದಲ್ಲಿ ಐದು ಸಲ ಪೇಪರ್ ಮೇಲೆಯೇ. ಸಂಪಾದಕೀಯ ಪುಟದ ಮೇಲೆ ವಿಶೇಷ ಒಲವು.

ಮೆಹರುಗೆ ಫೋನ್ ಮಾಡಿದೆ. "ಪೇಪರ್ ಬೇಡ ಅಂತ ಹೇಳಿದ್ದೆ ಅಲ್ವಾ? ಮತ್ತೆ ಬಿಡಿಸಲಿಕ್ಕೆ ಕಷ್ಟ," ಎಂದಳು. ಅಸೂಯೆ.

ಮಾರ್ಚ್ 16, ಭಾನುವಾರ

ಇದನ್ನು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಭಯದಿಂದ ಅಲ್ಲ. ಕೋಪದಿಂದ. ಸ್ವಲ್ಪ ಭಯದಿಂದ.

ನನ್ನ ಮನೆ ಯಾವುದು ಅಂತ ನಾನೇ ಮರೆತಿದ್ದೆ. ಟೈಲರ್ ಮನೆ. ಟೈಲರ್ ಮನೆಯಲ್ಲಿ ನ್ಯೂಸ್‌ಪೇಪರ್ ಎಲ್ಲಿರುತ್ತದೆ? ನೆಲದ ಮೇಲೆ. ಮಮ್ಮಿ ಪ್ರತಿ ಬ್ಲೌಸ್‌ಗೂ ಮೊದಲು ಪೇಪರಿನಲ್ಲಿ ಅಳತೆ ಕತ್ತರಿಸುತ್ತಾರೆ — ಮುಂಭಾಗ, ಬೆನ್ನು, ತೋಳು. ಈಸ್ಟರ್ ಮುಗಿದ ಕೂಡಲೇ ಮದುವೆಗಳ ಸಾಲು. ಹಾಲ್ ತುಂಬ ಹದಿನಾಲ್ಕು ಬ್ಲೌಸ್‌ಗಳ ಪೇಪರ್, ಒಂದೊಂದರ ಕೆಳಗೆ ಬಟ್ಟೆ. ನಾವು ಪೂಜೆ ಮುಗಿಸಿ ಚರ್ಚ್‌ನಿಂದ ಬಂದಾಗ ತಹಶೀಲ್ದಾರ ಹಾಲ್ ನಡುವೆ ನಿಂತಿದ್ದ. ಬಾಲ ಆಡಿಸುತ್ತಿದ್ದ. ಲಿವರ್ ಎಲ್ಲಿ ಅಂತ ನೋಡುತ್ತಿದ್ದ.

ಮದುಮಗಳ ರೇಷ್ಮೆ. ಬೆನ್ನಿನ ಭಾಗ.

ನನ್ನ ವಾದ ಇಷ್ಟೇ: ಆರೋಪಿ ಕಲಿಸಿದ್ದನ್ನೇ ಮಾಡಿದ್ದಾನೆ. ಕರಾರುವಾಕ್ಕಾಗಿ ಮಾಡಿದ್ದಾನೆ. ಈ ಮನೆಯಲ್ಲಿ ಹೇಳಿದ್ದನ್ನು ಕೇಳಿದ ಮೊದಲ ಜೀವಿ ಅವನು!

ಮಮ್ಮಿ ಕೂಗಲಿಲ್ಲ. ರೇಷ್ಮೆಯನ್ನು ನೀರಿನಲ್ಲಿ ಅದ್ದಿದರು. ಆ ಮೇಲೆ ಚರ್ಚ್ ಕ್ಯಾಲೆಂಡರಿನ ಮುಂದೆ ನಿಂತು ತೀರ್ಪು ಕೊಟ್ಟರು.

"ಹತ್ತು ದಿನ. ಒಂದರ ಹಿಂದೆ ಒಂದು, ಹತ್ತು ದಿನ ಮನೆ ಒಣಗಿರಬೇಕು. ಮತ್ತೆ ಬೆಲ್ಟ್ ಹಾಕಿ ಸರ್ಕಲ್‌ವರೆಗೆ ಮರ್ಯಾದೆಯಿಂದ ನಡೆಯಬೇಕು. ಎಪ್ರಿಲ್‌ನ ಮೊದಲ ಭಾನುವಾರದೊಳಗೆ. ಆಗದಿದ್ದರೆ ರೊಸಾರಿಯೊ ಕೊಂಡುಹೋಗಲಿ."

ರೊಸಾರಿಯೊ ಅಂಕಲ್, ಮಮ್ಮಿಯ ಕಸಿನ್. ಕಾರ್ಕಳದಲ್ಲಿ ಗೇರುಬೀಜದ ಗೋದಾಮು. ಬಾಗಿಲಿಗೆ ಒಂದು ನಾಯಿ ಬೇಕಂತೆ. ಅವರ ಹಳೆಯ ನಾಯಿಯನ್ನು ನಾನು ನೋಡಿದ್ದೇನೆ. ಸಂಕಲೆಯ ಉದ್ದ ಎಷ್ಟೋ ಅದರ ಲೋಕ ಅಷ್ಟು. ಸತ್ತ ಮೇಲೆಯೂ ನೆಲದಲ್ಲಿ ಆ ವೃತ್ತ ಉಳಿದಿತ್ತು.

ಮಾರ್ಚ್ 19, ಬುಧವಾರ

ನಿನ್ನೆ ಮತ್ತೆ ಉಚ್ಚೆ, ಅಡುಗೆಮನೆ. ಅದೇ ಜಾಗ, ಮೂರನೇ ಸಲ. ಮೆಹರು ಬಂದು ಮಂಡಿಯೂರಿ ಮೂಸಿದಳು. ಇಂಥವಳನ್ನು ಯಾರು ಮದುವೆಯಾಗುತ್ತಾರೋ.

"ಫಿನೈಲ್ ಹಾಕಿದರೆ ವಾಸನೆ ಹೋಗಿದೆ ಅಂತ ನಿನಗೆ ಅನಿಸುವುದು ಮಾತ್ರ. ಅವನಿಗೆ ಬೋರ್ಡ್ ಹಾಕಿದ ಹಾಗೆ ಗೊತ್ತಾಗುತ್ತದೆ. ವಿನೆಗರ್ ಉಂಟಾ?"

ಉಂಟು. ತೆಂಗಿನ ಕಳ್ಳಿನದ್ದು. ಈಸ್ಟರ್‌ನ ಪೋರ್ಕ್‌ಗೆ ಅಂತ ಮಮ್ಮಿ ಎತ್ತಿಟ್ಟ ಬಾಟಲಿ. ಅರ್ಧ ಖಾಲಿ ಮಾಡಿದೆ. ವಾಸನೆ ಹೋಯಿತು. ಮಮ್ಮಿಯ ಮಾತೂ ಹೋಯಿತು.

ಮಾರ್ಚ್ 21, ಶುಕ್ರವಾರ

ಬೆಲ್ಟ್ ಅಧ್ಯಾಯ. ಕುತ್ತಿಗೆಗೆ ಏನೂ ಬೇಡ, ಎದೆಗೆ ಹಾಕುವ ಹಾರ್ನೆಸ್ ಅಂತ ಮೆಹರು ಕೆಂಪು ಬಣ್ಣದ್ದು ಒಂದು ತಂದಿದ್ದಾಳೆ. ಮೂರು ದಿನ ಅದನ್ನು ಊಟದ ಬಟ್ಟಲಿನ ಪಕ್ಕದಲ್ಲೇ ಇಟ್ಟೆ. ಸುಮ್ಮನೆ. ಮೊದಲ ದಿನ ಊಟ ಬಿಟ್ಟು ಮಂಚದ ಕೆಳಗೆ ಹೋದ. ಎರಡನೇ ದಿನ ಕುತ್ತಿಗೆ ಉದ್ದ ಮಾಡಿ, ಕಾಲು ಹಿಂದೆಯೇ ಇಟ್ಟು ತಿಂದ. ಇವತ್ತು ತೊಡಿಸಿದೆ. ಪ್ರತಿಮೆ! ಕಣ್ಣು ಮಾತ್ರ ತಿರುಗುತ್ತದೆ. ಊರಿನ ಸರ್ಕಲ್‌ನಲ್ಲಿ ಅನಾವರಣಕ್ಕೆ ಇಡಬಹುದು.

ಹಗ್ಗ ಸಿಕ್ಕಿಸಿದೆ. ಹೊಟ್ಟೆ ನೆಲಕ್ಕೆ ಅಂಟಿತು. ಅಡಿಯಿಂದ ಉಚ್ಚೆ ಹರಡಿತು.

ತಮಾಷೆ ಮಾಡಲಿಕ್ಕೆ ಬಾಯಿ ತೆರೆದಿದ್ದೆ. ಮಾಡಲಿಲ್ಲ. ಹಗ್ಗ ಬಿಚ್ಚಿ ಅವನ ಪಕ್ಕ ನೆಲದ ಮೇಲೆಯೇ ಮಲಗಿದೆ. ಕುತ್ತಿಗೆಯ ಗಾಯ ಒಣಗಿದೆ, ಅಲ್ಲಿ ಕೂದಲು ಬಂದಿಲ್ಲ. ಬರುವುದಿಲ್ಲವಂತೆ. ಆ ನೀಲಿ ಹಗ್ಗದವನು ಎಲ್ಲಿದ್ದರೂ... ಅವನ ಬೈಕ್ ದಿನಾ ಪಂಕ್ಚರ್ ಆಗಲಿ. ಮಳೆಯಲ್ಲಿ. ಹೆಬ್ರಿ ಆಚೆಯ ಘಾಟಿಯಲ್ಲಿ.

ಮಾರ್ಚ್ 27, ಗುರುವಾರ

ಐದು ದಿನ ಒಣ! ಭಾನುವಾರದಿಂದ ಲೆಕ್ಕ. ಮಮ್ಮಿ ಪ್ರತಿ ಸಂಜೆ ಕ್ಯಾಲೆಂಡರಿನಲ್ಲಿ ಹಸಿರು ಪೆನ್ನಿನ ಗುರುತು ಹಾಕುತ್ತಾರೆ, ಹಾಕುವ ಮೊದಲು ಮನೆಯಿಡೀ ಬರಿಗಾಲಿನಲ್ಲಿ ನಡೆದು ಪರಿಶೀಲಿಸುತ್ತಾರೆ. ನಾನು ಐದಕ್ಕೆ ಏಳುತ್ತಿದ್ದೇನೆ. ನಾನು! ಪೇಪರ್ ಅಳತೆಗಳೆಲ್ಲ ಈಗ ಮೇಜಿನ ಮೇಲೆ.

ಹಗ್ಗ ಎಳೆದುಕೊಂಡು ಮನೆಯೊಳಗೆ ಓಡಾಡುತ್ತಾನೆ. ಹೊರಗೆ ಗೇಟಿನವರೆಗೆ. ನಾನು ಎಳೆಯುವುದಿಲ್ಲ, ಅವನು ನಿಂತರೆ ನಿಲ್ಲುತ್ತೇನೆ. ನಿನ್ನೆ ಒಂದು ಕಟ್ಟಿಗೆ ಲಾರಿ ಹೋಯಿತು, ಇಪ್ಪತ್ತು ನಿಮಿಷ ನಿಂತೆವು. ಎದುರು ಮನೆಯ ಅಲೆಕ್ಸಾಂಡರ್ ಮಾಸ್ಟ್ರು ಕೇಳಿದರು, "ನಾಯಿಯನ್ನು ನೀನು ನಡೆಸುವುದಾ, ನಿನ್ನನ್ನು ಅದಾ?"

"ಜಂಟಿ ಸಮಿತಿ ಸರ್."

ಮಾರ್ಚ್ 31, ಸೋಮವಾರ. ಈದ್

ಒಂಬತ್ತು. ಒಂಬತ್ತು!

ಮೆಹರು ಹೊಸ ಬಟ್ಟೆಯಲ್ಲಿ ಬಿರಿಯಾನಿ ತಂದಳು. ನಮ್ಮ ಮನೆಯಲ್ಲಿ ತಿನ್ನುವ ಅಧಿಕಾರ ಇರುವವನು ಇವತ್ತೂ ಒಬ್ಬನೇ. ಮಸಾಲೆ ತೊಳೆದು ನಾಲ್ಕು ತುಂಡು. ಉಳಿದದ್ದನ್ನು ಮಮ್ಮಿ ಮಾಸ್ಟ್ರ ಮನೆಗೆ ಕೊಟ್ಟರು, ಮುಚ್ಚಳ ತೆಗೆಯದೆ, ಮುಖ ತಿರುಗಿಸಿಕೊಂಡು.

ನಾಳೆ ಹತ್ತನೇ ದಿನ. ನಾಳೆ ಎಪ್ರಿಲ್ ಒಂದು ಕೂಡ. ಇಷ್ಟು ದೊಡ್ಡ ಸಂಭ್ರಮವನ್ನು ಒಂದು ಸಣ್ಣ ಸಮಾರಂಭ ಇಲ್ಲದೆ ಬಿಡಲಿಕ್ಕೆ ಆಗುತ್ತದಾ? ಯೋಜನೆ ಸಿದ್ಧ. ತಿಳಿ ಚಹಾ, ಹಾಲು ಇಲ್ಲದ್ದು, ಅರ್ಧ ಲೋಟ, ಹೊಲಿಗೆ ಮೆಷಿನ್ನಿನ ಕಾಲಿಗೆ. ಮಮ್ಮಿ ಕಿರುಚುತ್ತಾರೆ. ನಾನು ಬಗ್ಗಿ ಬೆರಳು ಅದ್ದಿ ನೆಕ್ಕುತ್ತೇನೆ. ಮಮ್ಮಿ ಇನ್ನೂ ಜೋರಾಗಿ ಕಿರುಚುತ್ತಾರೆ. ಆಗ ಘೋಷಣೆ.

ಎಪ್ರಿಲ್ 1, ಮಂಗಳವಾರ. ಬೆಳಿಗ್ಗೆ 8.00

ಚಹಾ ಸುರಿದದ್ದು ಐದೂವರೆಗೆ. ಮಮ್ಮಿ ಏಳುವುದು ಆರೂಕಾಲಿಗೆ. ಅಷ್ಟರಲ್ಲಿ ಒಂದು ಸುತ್ತು ಬರುವ ಅಂತ ತಹಶೀಲ್ದಾರನೊಂದಿಗೆ ಹೊರಟೆ. ಗೇಟು ದಾಟಿದ. ಮೋರಿ ದಾಟಿದ. ಬೇಕರಿ ದಾಟಿದ. ನಾನು ಉಸಿರು ಬಿಡಲಿಲ್ಲ. ಬಾಲ ಮೇಲೆ! ಸರ್ಕಲ್! ಸರ್ಕಲ್‌ವರೆಗೆ ನಡೆದ, ಅಲ್ಲಿ ಒಂದು ಮೈಲಿಗಲ್ಲಿಗೆ ಸೀಲ್ ಹಾಕಿದ, ನನ್ನನ್ನು ನೋಡಿದ. ಲಿವರ್ ಎರಡು ತುಂಡು. ಕುಣಿದುಕೊಂಡು ವಾಪಸ್. ಚಹಾ ನೆನಪೇ ಇಲ್ಲ.

ಮನೆಗೆ ಬಂದಾಗ ಆರೂವರೆ. ನೆಲ ಒಣಗಿದೆ. ವಿನೆಗರ್ ವಾಸನೆ. ಕ್ಯಾಲೆಂಡರಿನಲ್ಲಿ ಇವತ್ತಿನ ಚೌಕಕ್ಕೆ ಕೆಂಪು ಅಡ್ಡಗೀಟು. ಮಮ್ಮಿ ಫೋನಿನಲ್ಲಿ. "...ಹೌದು ರೊಸಾರಿಯೊ. ಭಾನುವಾರ ಬಾ."

ರಾತ್ರಿ ಊಟದ ಮೇಲೆ

ಎಷ್ಟು ಸಲ ಹೇಳಿದೆ. ಚಹಾ, ಮಮ್ಮಿ. ನಾನು ಸುರಿದದ್ದು. ಬೈಬಲ್ ಮುಟ್ಟಿ ಹೇಳಲಾ?

"ಬೈಬಲ್ ಮುಟ್ಟಬೇಡ. ನಾಯಿಯನ್ನು ಉಳಿಸಲಿಕ್ಕೆ ಎಂತ ಬೇಕಾದರೂ ಹೇಳುತ್ತೀ ನೀನು."

"ಸತ್ಯ ಹೇಳಿದರೂ ನಂಬುವುದಿಲ್ಲ ಅಂದರೆ ಇದು ಯಾವ ನ್ಯಾಯ?"

ಮಮ್ಮಿ ತಟ್ಟೆ ಕೆಳಗಿಟ್ಟರು. "ಕಳೆದ ವರ್ಷ ಇದೇ ದಿನ, ಪಪ್ಪಾ ಫ್ಲೈಟ್ ಹತ್ತಿದರು ಅಂದೆ. ನಾನು ಅಂಜಲ್ ಮೀನು ತಂದು ಸಾರು ಮಾಡಿದೆ. ಹೊಸ ಬೆಡ್‌ಶೀಟ್ ಹಾಸಿದೆ. ಸಂಜೆ ನೀನು ನಕ್ಕೆ."

ಎದ್ದು ಎರಡೂ ತಟ್ಟೆ ತೊಳೆದೆ.

ಆದರೆ ತಹಶೀಲ್ದಾರ ಯಾರ ಪಪ್ಪಾನನ್ನೂ ಫ್ಲೈಟ್ ಹತ್ತಿಸಲಿಲ್ಲ! ತಪ್ಪು ನನ್ನದು, ಸಂಕಲೆ ಅವನಿಗೆ. ಇದನ್ನು ಎಲ್ಲಿ ಅಪೀಲು ಮಾಡುವುದು?

ಎಪ್ರಿಲ್ 5, ಶನಿವಾರ

ಎರಡು, ಮೂರು, ನಾಲ್ಕು, ಐದು. ಎಲ್ಲ ಒಣ. ಮಮ್ಮಿ ಈಗಲೂ ಹಸಿರು ಗುರುತು ಹಾಕುತ್ತಾರೆ. ಯಾಕೋ. ದಿನಾ ಸಂಜೆ ಸರ್ಕಲ್. ಮೆಹರು ಬೇರೆ ಮನೆ ಹುಡುಕುತ್ತಿದ್ದಾಳೆ, ಮಣಿಪಾಲ, ಆದಿ ಉಡುಪಿ, ಎಲ್ಲ ಕಡೆ. ಯಾರೂ ಇಲ್ಲ. ನನಗೆ ಅವಳು ಬೈಯಲೂ ಇಲ್ಲ. ಅದೇ ಕಷ್ಟ.

ಹಾರ್ನೆಸ್ ತೊಳೆದು ಒಣಗಿಸಿದೆ.

ಎಪ್ರಿಲ್ 6, ಭಾನುವಾರ. ಸಂಜೆ 5.45

ಕ್ರಮವಾಗಿ ಬರೆಯಬೇಕು.

ಹತ್ತೂವರೆಗೆ ರೊಸಾರಿಯೊ ಅಂಕಲ್ ಬಂದರು. ನಾವು ಚರ್ಚ್‌ನಿಂದ ಬಂದು ಒಂದು ಗಂಟೆ ಆಗಿತ್ತು. ಕೆಟ್ಟ ಮನುಷ್ಯ ಅಲ್ಲ, ಅದು ಇನ್ನೂ ಸಿಟ್ಟು ಬರಿಸುತ್ತದೆ. ಬಾಳೆಹಣ್ಣು ತಂದಿದ್ದರು.

"ಇಷ್ಟು ಸಣ್ಣದಾ? ಆಗಬಹುದು. ಸಣ್ಣ ನಾಯಿಗಳು ಬೊಗಳುವುದು ಜಾಸ್ತಿ. ಹೊತ್ತಿಗೆ ಅನ್ನ ಹಾಕುತ್ತೇನೆ ಮಾರಾಯ, ಮುಖ ಯಾಕೆ ಹಾಗೆ ಮಾಡುತ್ತೀ?"

ಮತ್ತೆ ಚೀಲಕ್ಕೆ ಕೈ ಹಾಕಿದರು. ಸಂಕಲೆ ಹೊರಗೆ ಬಂತು. ಉದ್ದದ್ದು. ನೆಲಕ್ಕೆ ತಾಗಿ ಝಲ್ ಅಂತ ಶಬ್ದ.

ತಹಶೀಲ್ದಾರ ಹಾಲ್ ನಡುವೆ ಇದ್ದ. ಓಡಲಿಲ್ಲ. ಬೊಗಳಲಿಲ್ಲ. ಹೊಟ್ಟೆ ನೆಲಕ್ಕೆ ಅಂಟಿಸಿ ಕುತ್ತಿಗೆ ಮುಂದೆ ಚಾಚಿದ, ಕಟ್ಟಿಸಿಕೊಳ್ಳಲಿಕ್ಕೆ ಅನ್ನುವ ಹಾಗೆ. ಅಡಿಯಿಂದ ನಿಧಾನ ಹರಡಿತು. ಮಮ್ಮಿಯ ಪಾದದವರೆಗೆ ಬಂತು.

"ಅಯ್ಯೋ, ಇದೆಂತ? ಒಳಗೇ ಮಾಡಿತಾ?" ಅಂಕಲ್ ಶೂ ಎತ್ತಿದರು.

ಮಮ್ಮಿ ಪಾದ ಹಿಂದೆ ತೆಗೆಯಲಿಲ್ಲ. ಅವನ ಕುತ್ತಿಗೆ ನೋಡುತ್ತಿದ್ದರು. ಕೂದಲಿಲ್ಲದ ಆ ಗೆರೆ.

"ಇಲ್ಲ," ಎಂದರು. "ನೀರು. ನಾನೇ ಚೆಲ್ಲಿದ್ದು."

ಕೈಯಲ್ಲಿ ಲೋಟ ಇಲ್ಲ. ಹತ್ತಿರದಲ್ಲಿ ಕೊಡಪಾನ ಇಲ್ಲ. ವೃತ್ತಿಯ ದೃಷ್ಟಿಯಿಂದ ಹೇಳುವುದಾದರೆ, ನಾನು ಕಂಡ ಅತ್ಯಂತ ಕಳಪೆ ಸುಳ್ಳು. ತಯಾರಿ ಶೂನ್ಯ. ಅದೂ ತಪಸ್ಸುಕಾಲದಲ್ಲಿ.

"ಜೋಸ್ಲಿನ್, ಇದು ನೀರಿನ ವಾಸನೆ..."

"ನೀರು ಅಂದೆನಲ್ಲ. ಈ ಮನೆ ಒಣಗಿ ಎಷ್ಟು ದಿನ ಆಯಿತು ಅಂತ ಬೇಕಾದರೆ ಕ್ಯಾಲೆಂಡರ್ ನೋಡು. ಸಂಕಲೆ ಒಳಗೆ ಇಡು ರೊಸಾರಿಯೊ, ಶಬ್ದ ಆಗದ ಹಾಗೆ. ಕೂತುಕೋ. ಚಹಾ ಇಡುತ್ತೇನೆ."

ಅಂಕಲ್ ಚಹಾ ಕುಡಿದರು. ಎರಡು ಸಲ ನೆಲ ನೋಡಿದರು. ಸಂಕಲೆಯೊಂದಿಗೆ ಕಾರ್ಕಳಕ್ಕೆ ಹೋದರು.

ಒರೆಸಿದ್ದು ಮಮ್ಮಿ. ಕೊನೆಯ ವಿನೆಗರ್ ಹಾಕಿ. ನಾನು ಹಿಂದೆ ನಿಂತು ಹೇಳಿದೆ, "ಹಾಗಾದರೆ ಎಪ್ರಿಲ್ ಒಂದನೇ ತಾರೀಕಿನದ್ದು..."

"ಅದೂ ನೀರೇ ಇರಬಹುದು."

"ಚಹಾ, ಮಮ್ಮಿ! ಚಹಾ!"

"ಆಯ್ತು ಆಯ್ತು. ಎಂತದೋ ಒಂದು."

ಎಂತದೋ ಒಂದಂತೆ! ಇಪ್ಪತ್ತು ವರ್ಷದಲ್ಲಿ ಒಂದು ಸಲ ಸತ್ಯ ಹೇಳಿದ್ದೇನೆ, ಅದು ದಾಖಲೆಯಲ್ಲಿ ಸರಿಯಾಗಿ ಬರಬಾರದಾ? ಇದರ ವಿರುದ್ಧ ಲಿಖಿತ ಆಕ್ಷೇಪಣೆ ಸಲ್ಲಿಸುತ್ತೇನೆ. ಮೂರು ಪ್ರತಿಗಳಲ್ಲಿ. ಮೊದಲನೆಯದಾಗಿ, ಸದರಿ ದ್ರವವು ಬಣ್ಣದಲ್ಲಿಯೂ ರುಚಿಯಲ್ಲಿಯೂ —

ಮಮ್ಮಿ ಕೂಗುತ್ತಿದ್ದಾರೆ. "ಡೆನ್ವರ್! ಬರೆದದ್ದು ಸಾಕು. ತಹಶೀಲ್ದಾರ ಬಾಗಿಲಲ್ಲಿ ಬಂದು ನಿಂತಿದ್ದಾನೆ, ಆ ಕೆಂಪು ಬೆಲ್ಟ್ ಎಲ್ಲಿಟ್ಟಿದ್ದೀ, ಬೇಗ —"