ಕಾರಿನ ಎರಡೂ ಕೀ ನನ್ನ ಬ್ಯಾಗಲ್ಲಿವೆ

ಅಪ್ಪಾ,

ಇವತ್ತು ಕಾರು ತೆಗೀಬೇಡಿ. ಎರಡೂ ಕೀ ತಗೊಂಡು ಹೋಗ್ತಿದೀನಿ, ದೇವರ ಗೂಡಲ್ಲಿ ಹುಡುಕೋದು ಬೇಡ.

ಬೆಳಿಗ್ಗೆ ಗೇಟಿನ ಒಳಗೇ ಸ್ಟಾರ್ಟ್ ಮಾಡಿ ನೋಡಿದೆ. ಬ್ರೇಕ್ ಪೆಡಲ್ ಮೊದಲ ಸಲ ಮೆತ್ತಗೆ ಕೆಳಗೆ ಹೋಗುತ್ತೆ, ಎರಡನೇ ಸಲ ಒತ್ತಿದ್ರೆ ಗಟ್ಟಿಯಾಗುತ್ತೆ. ನಿನ್ನೆ ಅಷ್ಟು ತೆಗೆದ್ರೂ ಬ್ರೇಕ್ ಪೈಪಲ್ಲಿ ಇನ್ನೂ ಗಾಳಿ ಇದೆ. "ಎರಡು ಸಲ ತುಳಿದ್ರೆ ಆಯ್ತು" ಅಂತ ಮಾತ್ರ ಹೇಳಬೇಡಿ. ಮುಂದಿನ ಬಸ್ಸು ಗಕ್ಕನೆ ನಿಂತಾಗ ಎರಡನೇ ಸಲಕ್ಕೆ ಟೈಮ್ ಎಲ್ಲಿರುತ್ತೆ?

ಅಂಜನಾಪುರದಿಂದ ಅತ್ತೆನ ಆಟೋದಲ್ಲೇ ಕರ್ಕೊಂಡು ಬನ್ನಿ. ಬರ್ತಾ ಹೊಸ ಬ್ರೇಕ್ ಆಯಿಲ್ ತನ್ನಿ. ನಿನ್ನೆ ಬಾಟಲಿಗೆ ಇಳಿಸಿದ ಹಳೇ ಆಯಿಲ್‌ನ ಉಳಿಸೋಕೆ ಹೋಗಿ ವಾಪಸ್ ಸುರೀಬೇಡಿ.

ಗೇಟ್ ತನಕ ಹೋಗಿ ಎರಡು ಸಲ ವಾಪಸ್ ಬಂದೆ. ಬರೆದೇ ಹೋಗ್ತೀನಿ.

ತಪ್ಪು ನಿಮ್ಮದಲ್ಲ. ನಿನ್ನೆ ಗಾಳಿ ತೆಗೆಯೋವಾಗ ನೀವು ಸ್ಪ್ಯಾನರ್ ಹಿಡ್ಕೊಂಡು ಹಿಂದಿನ ಚಕ್ರದ ಹತ್ರ ಕೂತಿದ್ರಿ, ನಾನು ಪೆಡಲ್ ಒತ್ತಿ ಹಿಡಿದಿದ್ದೆ. ನೀವು ನಟ್ ಬಿಗಿ ಮಾಡೋವರೆಗೂ ಕಾಲು ತೆಗೀಬಾರದು ಅಂತ ನಂಗೆ ಗೊತ್ತು. ಆದ್ರೆ ನಟ್ ಸಡಿಲ ಇರುವಾಗಲೇ, ನನ್ನ ಮುಖ ಕಾಣದ ಆ ಕಡೆಯಿಂದ, "ಯಾರಮ್ಮ ಆ ಚನ್ನವೀರ?" ಅಂತ ಕೇಳಿಬಿಟ್ರಿ. ನನ್ನ ಕಾಲು ತಾನಾಗೇ ಎದ್ದುಹೋಯ್ತು. ಗಾಳಿ ಒಳಗೆ ಹೋಗಿದ್ದು ಆಗಲೇ. ಕಾಲು ಎತ್ತಿದ್ದನ್ನೂ ಹೇಳಲಿಲ್ಲ, ಅವನು ಯಾರು ಅಂತಲೂ ಹೇಳಲಿಲ್ಲ.

ಆರು ಗಂಟೆಗೆ ಬರ್ತೀನಿ, ನಾಲ್ಕೂ ಚಕ್ರ ಮತ್ತೆ ಮಾಡೋಣ. ಸ್ಪ್ಯಾನರ್ ಕೈಯಲ್ಲಿರುವಾಗ ಏನೂ ಕೇಳಬೇಡಿ. ಆಮೇಲೆ ಕೈ ತೊಳ್ಕೊಂಡು, ನನ್ನ ಎದುರಿಗೆ ಕೂತು ಕೇಳಿ. ಹೇಳ್ತೀನಿ.

ಶ್ವೇತಾ